ಮೂಲ ಯಂತ್ರಾಂಶದಲ್ಲಿ ಹಳೆಯ ಕಾರ್ಯಾಚರಣ ವ್ಯವಸ್ಥೆಗಳ ಬಳಕೆ

ತಯಾರಕರ ಬೆಂಬಲ ಕೊನೆಗೊಂಡಿರುವ ಆಪರೇಟಿಂಗ್ ಸಿಸ್ಟಂಗಳನ್ನು ಅವು ಚಾಲ್ತಿಯಲ್ಲಿದ್ದ ಕಾಲದ ಗಣಕಯಂತ್ರಗಳಲ್ಲಿಯೇ ಇಂದಿಗೂ ನಡೆಸುವುದನ್ನು ಮೂಲ ಯಂತ್ರಾಂಶದಲ್ಲಿ ಹಳೆಯ ಕಾರ್ಯಾಚರಣ ವ್ಯವಸ್ಥೆಗಳ ಬಳಕೆ ಎನ್ನಲಾಗುತ್ತದೆ. ಸಿಪಿ/ಎಂ, ಎಂಎಸ್-ಡಾಸ್, ವಿಂಡೋಸ್ 3.1, ವಿಂಡೋಸ್ 95, ವಿಂಡೋಸ್ 98 ಮತ್ತು ವಿಂಡೋಸ್ ಎಕ್ಸ್‌ಪಿ ಇಂತಹ ವ್ಯವಸ್ಥೆಗಳಿಗೆ ಉದಾಹರಣೆಗಳು. ಹವ್ಯಾಸ, ಶಿಕ್ಷಣ ಮತ್ತು ತಂತ್ರಜ್ಞಾನದ ಇತಿಹಾಸದ ಅಧ್ಯಯನಗಳ ಜೊತೆಗೆ, ಹಳೆಯ ಕಡತಗಳನ್ನು ಮರಳಿ ಪಡೆಯುವುದೂ ಈ ಬಳಕೆಯ ಮುಖ್ಯ ಉದ್ದೇಶವಾಗಿದೆ. ಯುನಿಕೋಡ್ ವ್ಯಾಪಕವಾಗುವ ಮೊದಲು ಸಿದ್ಧವಾದ ಅಪಾರ ಕನ್ನಡ ಪಠ್ಯವು ಅಂದಿನ ಅಕ್ಷರಶೈಲಿ, ತಂತ್ರಾಂಶ ಮತ್ತು ಫ್ಲಾಪಿಗಳನ್ನು ಅವಲಂಬಿಸಿರುವುದರಿಂದ ಕರ್ನಾಟಕದ ಮಟ್ಟಿಗೆ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ವ್ಯಾಪ್ತಿ

ಹಳೆಯ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಇಂದು ಎರಡು ಬಗೆಯಲ್ಲಿ ನಡೆಸಬಹುದು. ಮೊದಲನೆಯದು ಅನುಕರಣೆ. ಇದರಲ್ಲಿ ಹೊಸ ಗಣಕಯಂತ್ರದ ತಂತ್ರಾಂಶವೊಂದು ಹಳೆಯ ಯಂತ್ರದಂತೆ ವರ್ತಿಸುತ್ತದೆ. ಎರಡನೆಯದು ಮೂಲ ಯಂತ್ರಾಂಶದ ಬಳಕೆ. ಇದರಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಡ್ರೈವ್, ಮಾನಿಟರ್ ಮತ್ತು ಮುದ್ರಕಗಳು ಆ ಕಾಲದವೇ ಆಗಿರುತ್ತವೆ. ಈ ಲೇಖನವು ಎರಡನೆಯ ವಿಧಾನಕ್ಕೆ ಸಂಬಂಧಿಸಿದೆ. ಹಳೆಯ ಮದರ್‌ಬೋರ್ಡಿಗೆ ಹೊಸ ವಿದ್ಯುತ್ ಘಟಕವನ್ನು ಅಥವಾ ಹಾರ್ಡ್ ಡಿಸ್ಕಿನ ಬದಲು ಮೆಮೊರಿ ಕಾರ್ಡನ್ನು ಜೋಡಿಸಿ ನಡೆಸುವ ಮಿಶ್ರ ಕ್ರಮವನ್ನೂ ಸಾಮಾನ್ಯವಾಗಿ ಮೂಲ ಯಂತ್ರಾಂಶದ ಬಳಕೆಯಾಗಿಯೇ ಪರಿಗಣಿಸಲಾಗುತ್ತದೆ.

ಪ್ರಮುಖ ಕಾರ್ಯಾಚರಣ ವ್ಯವಸ್ಥೆಗಳು

ಸಿಪಿ/ಎಂ: ಗ್ಯಾರಿ ಕಿಲ್ಡಾಲ್ ಅವರು 1974ರಲ್ಲಿ ಇಂಟೆಲ್ 8080 ಪ್ರೊಸೆಸರಿಗಾಗಿ ರೂಪಿಸಿದ ವ್ಯವಸ್ಥೆ. 8 ಬಿಟ್ ಯಂತ್ರಗಳ ಕಾಲದಲ್ಲಿ ವ್ಯಾಪಕ ಬಳಕೆಯಲ್ಲಿತ್ತು.

ಬಿಬಿಸಿ ಮೈಕ್ರೊ: ಬ್ರಿಟನ್ನಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಹೊರತಂದ ಈ ಯಂತ್ರದ ಕಾರ್ಯಾಚರಣ ವ್ಯವಸ್ಥೆ ಮತ್ತು ಬೇಸಿಕ್ ಭಾಷೆ ಎರಡೂ ರಾಮ್ ಚಿಪ್‌ಗಳಲ್ಲಿ, ಅಂದರೆ ಓದಲು ಮಾತ್ರ ಬರುವ ಸ್ಮೃತಿಯಲ್ಲಿ ಇರುತ್ತಿದ್ದವು. ವಿದ್ಯುತ್ ಕೊಟ್ಟ ಕೂಡಲೇ ಯಂತ್ರವು ಕೆಲಸಕ್ಕೆ ಸಿದ್ಧವಾಗುತ್ತಿತ್ತು. ಭಾರತ ಸರ್ಕಾರವು 1984–85ರಲ್ಲಿ ಆರಂಭಿಸಿದ ಶಾಲಾ ಗಣಕ ಸಾಕ್ಷರತಾ ಯೋಜನೆಯಾದ 'ಕ್ಲಾಸ್' ಈ ಯಂತ್ರವನ್ನೇ ಬಳಸಿಕೊಂಡಿತು.

ಎಂಎಸ್-ಡಾಸ್: ಐಬಿಎಂ ಪಿಸಿಯೊಡನೆ 1981ರಲ್ಲಿ ಬಳಕೆಗೆ ಬಂದಿತು. ಪ್ರತ್ಯೇಕ ಉತ್ಪನ್ನವಾಗಿ ಬಂದ ಅದರ ಕೊನೆಯ ಆವೃತ್ತಿ 1994ರ 6.22.

ವಿಂಡೋಸ್ 3.1, 95 ಮತ್ತು 98: ಕ್ರಮವಾಗಿ 1992, 1995 ಮತ್ತು 1998ರಲ್ಲಿ ಬಿಡುಗಡೆಯಾದವು. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲವು 2006ರ ಜುಲೈ 11ರಂದು ಕೊನೆಗೊಂಡಿತು.

ವಿಂಡೋಸ್ ಎಕ್ಸ್‌ಪಿ: 2001ರ ಅಕ್ಟೋಬರ್ 25ರಂದು ಬಿಡುಗಡೆಯಾಯಿತು. ಇದರ ಬೆಂಬಲವು 2014ರ ಏಪ್ರಿಲ್ 8ರಂದು ಮುಕ್ತಾಯಗೊಂಡಿತು.

ಫ್ರೀಡಾಸ್: ಜಿಮ್ ಹಾಲ್ ಅವರು 1994ರಲ್ಲಿ ಆರಂಭಿಸಿದ, ಎಂಎಸ್-ಡಾಸ್‌ಗೆ ಹೊಂದುವ ಮುಕ್ತ ವ್ಯವಸ್ಥೆ. ಇದರ 1.0 ಆವೃತ್ತಿ 2006ರಲ್ಲಿ ಹೊರಬಂದಿತು. ಇದು ಇಂದಿಗೂ ಅಭಿವೃದ್ಧಿಯಲ್ಲಿರುವುದರಿಂದ ಹಳೆಯ ಯಂತ್ರಗಳಲ್ಲಿ ಪರವಾನಗಿಯ ತೊಡಕಿಲ್ಲದೆ ಬಳಸಬಹುದಾಗಿದೆ.

ಕರ್ನಾಟಕದ ಹಿನ್ನೆಲೆ

ಕಚೇರಿಗಳಲ್ಲಿ ಗಣಕಯಂತ್ರ

ಬ್ಯಾಂಕುಗಳ ಯಾಂತ್ರೀಕರಣ ಕುರಿತ ರಂಗರಾಜನ್ ಸಮಿತಿಯು 1984ರಲ್ಲಿ ವರದಿ ನೀಡಿದ ಬಳಿಕ ಬ್ಯಾಂಕ್ ಶಾಖೆಗಳಿಗೆ ಲೆಕ್ಕಪುಸ್ತಕ ಯಂತ್ರಗಳು ಬಂದವು. 1990ರ ದಶಕದಲ್ಲಿ ಡಿಟಿಪಿ ಕೇಂದ್ರಗಳು, ಮುದ್ರಣಾಲಯಗಳು ಮತ್ತು ಗಣಕ ತರಬೇತಿ ಕೇಂದ್ರಗಳ ಮೂಲಕ ಡಾಸ್ ಹಾಗೂ ವಿಂಡೋಸ್ ಯಂತ್ರಗಳು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳನ್ನು ತಲುಪಿದವು.

ಕರ್ನಾಟಕದ ಗ್ರಾಮೀಣ ಜನತೆಗೆ ಗಣಕೀಕೃತ ದಾಖಲೆಯ ಪರಿಚಯವನ್ನು ವ್ಯಾಪಕವಾಗಿ ಮಾಡಿಸಿದ್ದು ಕಂದಾಯ ಇಲಾಖೆಯ 'ಭೂಮಿ' ಯೋಜನೆ. 2000ರ ದಶಕದ ಆರಂಭದಲ್ಲಿ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಅದುವರೆಗೆ ಗ್ರಾಮ ಲೆಕ್ಕಾಧಿಕಾರಿಯ ಕೈಬರಹದಲ್ಲಿ ದೊರೆಯುತ್ತಿದ್ದ ಪಹಣಿಯು 15 ರೂಪಾಯಿ ಶುಲ್ಕಕ್ಕೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ ಮುದ್ರಿತ ರೂಪದಲ್ಲಿ ದೊರೆಯತೊಡಗಿತು. ಹಾವೇರಿ ಜಿಲ್ಲೆಯ ಮಾಸೂರಿನ ರೈತರಿಗೆ ಈ ಕೇಂದ್ರವು ಹಿರೇಕೆರೂರಿನ ತಾಲ್ಲೂಕು ಕಚೇರಿಯಲ್ಲಿತ್ತು. ಮುಂದೆ ಈ ವ್ಯವಸ್ಥೆಯನ್ನು ಅಂತರ್ಜಾಲ ಆಧಾರಿತ ಕೇಂದ್ರೀಕೃತ ವ್ಯವಸ್ಥೆಯಾಗಿ ಮಾರ್ಪಡಿಸಲಾಯಿತು. ಹೀಗೆ ದತ್ತಾಂಶವನ್ನು ಕಾಲಕಾಲಕ್ಕೆ ಹೊಸ ವ್ಯವಸ್ಥೆಗೆ ವರ್ಗಾಯಿಸುವುದನ್ನು ವಲಸೆ ಎನ್ನುತ್ತಾರೆ. ವಲಸೆ ಕಂಡ ದಾಖಲೆಗೆ ಹಳೆಯ ಯಂತ್ರದ ಅಗತ್ಯವಿರುವುದಿಲ್ಲ. ವಲಸೆ ಕಾಣದೆ ಫ್ಲಾಪಿಗಳಲ್ಲಿ ಉಳಿದ ಖಾಸಗಿ ದಾಖಲೆ, ಸ್ಮರಣ ಸಂಚಿಕೆ, ಹಸ್ತಪ್ರತಿ ಹಾಗೂ ಪ್ರಬಂಧಗಳ ವಿಷಯದಲ್ಲಿ ಮಾತ್ರ ಹಳೆಯ ಯಂತ್ರವು ಅನಿವಾರ್ಯವಾಗಬಹುದು.

ಯುನಿಕೋಡ್‌ಪೂರ್ವ ಕನ್ನಡ

ಡಾಸ್ ಯುಗದಲ್ಲಿ ಭಾರತೀಯ ಲಿಪಿಗಳ ಬಳಕೆಗೆ ನೆರವಾದ ಮುಖ್ಯ ತಂತ್ರಜ್ಞಾನ 'ಜಿಸ್ಟ್'. ಕಾನ್ಪುರದ ಐಐಟಿಯಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿದ ಇದನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಮುಂದುವರಿಸಿತು. ಪಿಸಿಯ ಒಳಗೆ ಜೋಡಿಸುವ ಜಿಸ್ಟ್ ಕಾರ್ಡ್, ಇಂಗ್ಲಿಷಿಗಾಗಿ ರೂಪಿತವಾಗಿದ್ದ ಡಿಬೇಸ್, ವರ್ಡ್‌ಸ್ಟಾರ್‌ನಂತಹ ತಂತ್ರಾಂಶಗಳಲ್ಲಿಯೂ ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ತೋರಿಸುತ್ತಿತ್ತು. ಇದರಲ್ಲಿ ಪಠ್ಯವು 'ಇಸ್ಕಿ' ಸಂಕೇತದಲ್ಲಿ ಉಳಿಯುತ್ತಿತ್ತು. ಇಸ್ಕಿಯನ್ನು ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಐಎಸ್ 13194 ಎಂಬ ಮಾನಕವಾಗಿ ಅಂಗೀಕರಿಸಿತು.

ವಿಂಡೋಸ್ ಬಂದ ಮೇಲೆ ಇದಕ್ಕಿಂತ ಭಿನ್ನವಾದ ಕ್ರಮವೊಂದು ನೆಲೆಗೊಂಡಿತು. ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ವಿಶೇಷ ಚಿಹ್ನೆಗಳು ಇರಬೇಕಾದ 8 ಬಿಟ್ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ ಅಕ್ಷರಶೈಲಿಗಳು ಬಂದವು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶವನ್ನು ಕರ್ನಾಟಕ ಸರ್ಕಾರವು ಬಳಕೆಗೆ ತಂದಿತು. ನುಡಿಯ ಕೀಲಿಮಣೆ ವಿನ್ಯಾಸಕ್ಕೆ ನಾಡೋಜ ಕೆ. ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸವೇ ಆಧಾರ. ಪುಣೆಯ ಮಾಡ್ಯುಲರ್ ಸಂಸ್ಥೆಯ 'ಶ್ರೀಲಿಪಿ' ಮುದ್ರಣ ವಲಯದಲ್ಲಿ ಪ್ರಚಲಿತವಾಗಿತ್ತು. ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ ಬಹುಕಾಲ ಬಳಕೆಯಲ್ಲಿತ್ತು.

ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ವಿಂಡೋಸ್ ಸರಣಿಯಲ್ಲಿ ಕನ್ನಡ ಯುನಿಕೋಡ್ ಬೆಂಬಲವು ಎಕ್ಸ್‌ಪಿ ಆವೃತ್ತಿಯಲ್ಲಿ 'ತುಂಗಾ' ಅಕ್ಷರಶೈಲಿಯೊಡನೆ ಬಂದಿತು. ಎಕ್ಸ್‌ಪಿಯಲ್ಲಿಯೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬಳಕೆದಾರರೇ ಮೂಲ ಸಿಡಿಯ ನೆರವಿನಿಂದ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಾಗಿತ್ತು. ಈ ಕಾರಣದಿಂದ 1990ರ ದಶಕದಲ್ಲಿ ಮತ್ತು ಅನಂತರವೂ ಹಲವು ವರ್ಷ ಕನ್ನಡ ಪಠ್ಯವು ಹಳೆಯ ಸಂಕೇತಗಳಲ್ಲಿಯೇ ಸಿದ್ಧವಾಗುತ್ತಿತ್ತು.

ಮೂಲ ಯಂತ್ರಾಂಶದ ಅಗತ್ಯ

ಈ ಕೆಳಗಿನ ಸಂದರ್ಭಗಳಲ್ಲಿ ಅನುಕರಣೆಗಿಂತ ಮೂಲ ಯಂತ್ರವೇ ಹೆಚ್ಚು ಉಪಯುಕ್ತವಾಗುತ್ತದೆ.

ವಿಸ್ತರಣಾ ಕಾರ್ಡ್‌ಗಳು: ಜಿಸ್ಟ್ ಕಾರ್ಡಿನಂತಹವು ಯಂತ್ರದ ಒಳಗಿನ ಭೌತಿಕ ಭಾಗಗಳು. ಸಾಮಾನ್ಯ ಅನುಕರಣ ತಂತ್ರಾಂಶಗಳು ಧ್ವನಿ ಮತ್ತು ಚಿತ್ರ ಕಾರ್ಡ್‌ಗಳನ್ನು ಅನುಕರಿಸುತ್ತವೆಯೇ ಹೊರತು ಇಂತಹ ಪ್ರಾದೇಶಿಕ ಕಾರ್ಡ್‌ಗಳನ್ನಲ್ಲ.

ಹಾರ್ಡ್‌ವೇರ್ ಲಾಕ್: ಭಾರತೀಯ ಭಾಷೆಗಳ ಕೆಲವು ವಾಣಿಜ್ಯ ತಂತ್ರಾಂಶಗಳು ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಸಣ್ಣ ಬೀಗ ಅಥವಾ ಡಾಂಗಲ್ ಇದ್ದರೆ ಮಾತ್ರ ನಡೆಯುತ್ತಿದ್ದವು. ಪ್ಯಾರಲಲ್ ಪೋರ್ಟ್ ಇಲ್ಲದ ಇಂದಿನ ಯಂತ್ರಗಳಲ್ಲಿ ಅವನ್ನು ಬಳಸುವುದು ಕಷ್ಟ.

ಉಪಕರಣಗಳು: ಆರ್‌ಎಸ್-232 ಸೀರಿಯಲ್ ಪೋರ್ಟಿನ ಮೂಲಕ ನಡೆಯುವ ಪ್ರಯೋಗಾಲಯ ಉಪಕರಣಗಳು ಮತ್ತು ಕಾರ್ಖಾನೆಯ ಯಂತ್ರಗಳಿಗೆ ಕೆಲವೊಮ್ಮೆ ಡಾಸ್ ತಂತ್ರಾಂಶವೊಂದೇ ಲಭ್ಯವಿರುತ್ತದೆ. ಉಪಕರಣವು ಸುಸ್ಥಿತಿಯಲ್ಲಿರುವಾಗ ಅದನ್ನು ಬದಲಿಸುವುದಕ್ಕಿಂತ ಹಳೆಯ ಗಣಕಯಂತ್ರವನ್ನು ಉಳಿಸಿಕೊಳ್ಳುವುದು ಮಿತವ್ಯಯಕರ.

ಮುದ್ರಣ: ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ನೇರವಾಗಿ ಸಂಕೇತಗಳನ್ನು ಕಳುಹಿಸುವ ಡಾಸ್ ತಂತ್ರಾಂಶಗಳು ಪ್ಯಾರಲಲ್ ಪೋರ್ಟನ್ನು ನಿರೀಕ್ಷಿಸುತ್ತವೆ. ಕಾರ್ಬನ್ ಹಾಳೆಯಿಟ್ಟು ಒಮ್ಮೆಗೇ ಹಲವು ಪ್ರತಿ ತೆಗೆಯುವ ಬಿಲ್ಲುಗಳಿಗೆ ಈ ಮುದ್ರಕಗಳು ಇಂದಿಗೂ ಬಳಕೆಯಲ್ಲಿವೆ.

ಮಾಧ್ಯಮದ ಓದು: ಐದೂಕಾಲು ಅಂಗುಲದ ಫ್ಲಾಪಿಯನ್ನು ಓದಲು ಆ ಅಳತೆಯ ಡ್ರೈವ್ ಬೇಕೇ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳು ಮೂರೂವರೆ ಅಂಗುಲದ ಫ್ಲಾಪಿಗಳನ್ನು ಮಾತ್ರ ಓದುತ್ತವೆ.

ಯಂತ್ರದ ಪರಿಶೀಲನೆ

ಹಲವು ವರ್ಷ ಮೂಲೆಯಲ್ಲಿದ್ದ ಯಂತ್ರಕ್ಕೆ ನೇರವಾಗಿ ವಿದ್ಯುತ್ ಕೊಡುವುದು ಅಪಾಯಕಾರಿ. ಮೊದಲು ಪೆಟ್ಟಿಗೆಯನ್ನು ತೆರೆದು ಧೂಳು, ಕೀಟ ಮತ್ತು ತುಕ್ಕನ್ನು ಪರಿಶೀಲಿಸಬೇಕಾಗುತ್ತದೆ. ಬಯಲುಸೀಮೆಯ ಯಂತ್ರಗಳಲ್ಲಿ ಧೂಳು ಹಾಗೂ ಕರಾವಳಿ ಮತ್ತು ಮಲೆನಾಡಿನ ಯಂತ್ರಗಳಲ್ಲಿ ತೇವದಿಂದ ಬರುವ ತುಕ್ಕು ಮತ್ತು ಬೂಷ್ಟು ಸಾಮಾನ್ಯ ಸಮಸ್ಯೆಗಳಾಗಿವೆ.

ಬ್ಯಾಟರಿ

286, 386 ಮತ್ತು 486 ಕಾಲದ ಅನೇಕ ಮದರ್‌ಬೋರ್ಡ್‌ಗಳಲ್ಲಿ ದಿನಾಂಕ ಹಾಗೂ ಸಂರಚನೆಯನ್ನು ಉಳಿಸಲು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸೆದಿರುತ್ತಿದ್ದರು. ಕಾಲಾಂತರದಲ್ಲಿ ಇದರಿಂದ ಸೋರುವ ಕ್ಷಾರವು ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಳೆಯ ಬೋರ್ಡ್‌ಗಳು ಕೆಡಲು ಇದು ಪ್ರಮುಖ ಕಾರಣ. ಆದ್ದರಿಂದ ಯಂತ್ರವನ್ನು ಬಳಸುವ ಉದ್ದೇಶವಿಲ್ಲದಿದ್ದರೂ ಈ ಬ್ಯಾಟರಿಯನ್ನು ಕೂಡಲೇ ತೆಗೆಯುವುದು ಸೂಕ್ತ. ಅನಂತರದ ಬೋರ್ಡ್‌ಗಳಲ್ಲಿರುವ ಸಿಆರ್2032 ಗುಂಡಿ ಬ್ಯಾಟರಿಯನ್ನು ಸುಲಭವಾಗಿ ಬದಲಿಸಬಹುದು. ಬ್ಯಾಟರಿ ತೆಗೆದಾಗ ಹಾರ್ಡ್ ಡಿಸ್ಕಿನ ಸಂರಚನೆ ಅಳಿಸಿಹೋಗುವ ಸಾಧ್ಯತೆಯಿದೆ. ಯಂತ್ರವು ನಡೆಯುವ ಸ್ಥಿತಿಯಲ್ಲಿದ್ದರೆ ಆ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ವಿದ್ಯುತ್

ವಿದ್ಯುತ್ ಘಟಕ ಮತ್ತು ಮದರ್‌ಬೋರ್ಡಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಉಬ್ಬಿದ್ದರೆ ಅಥವಾ ಸೋರಿದ್ದರೆ ಅವನ್ನು ಬದಲಿಸಬೇಕಾಗುತ್ತದೆ. ಹೊರದೇಶದಿಂದ ತಂದ ಯಂತ್ರಗಳ ಹಿಂಬದಿಯ ಸ್ವಿಚ್ 115 ವೋಲ್ಟ್‌ನಲ್ಲಿದ್ದರೆ ಭಾರತದ 230 ವೋಲ್ಟ್ ವಿದ್ಯುತ್ತಿಗೆ ವಿದ್ಯುತ್ ಘಟಕವು ಸುಟ್ಟುಹೋಗುತ್ತದೆ. ವೋಲ್ಟೇಜ್ ಏರಿಳಿತವಿರುವ ಹಾಗೂ ಆಗಾಗ ವಿದ್ಯುತ್ ಕಡಿತವಾಗುವ ಪ್ರದೇಶಗಳಲ್ಲಿ ಯುಪಿಎಸ್ ಅಥವಾ ಸ್ಟೆಬಿಲೈಸರ್ ಅಗತ್ಯ. ಹಾರ್ಡ್ ಡಿಸ್ಕಿಗೆ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಡಾಸ್ ಮತ್ತು ವಿಂಡೋಸ್ 98 ಬಳಸುವ ಫ್ಯಾಟ್ ಕಡತ ವ್ಯವಸ್ಥೆಯು ಹಾನಿಗೊಳ್ಳಬಹುದು.

ಮಾನಿಟರ್

ಹಳೆಯ ಸಿಆರ್‌ಟಿ ಮಾನಿಟರ್‌ನ ಒಳಗೆ 20,000 ವೋಲ್ಟಿಗೂ ಮೀರಿದ ವಿದ್ಯುತ್ ಇರಬಹುದು. ಪ್ಲಗ್ ಕಿತ್ತ ನಂತರವೂ ಅದು ಕೆಲಕಾಲ ಉಳಿದಿರುತ್ತದೆ. ತರಬೇತಿ ಇಲ್ಲದವರು ಅದನ್ನು ತೆರೆಯಬಾರದು. ವಿಜಿಎ ಸಂಪರ್ಕವುಳ್ಳ ಎಲ್‌ಸಿಡಿ ಮಾನಿಟರ್‌ಗಳನ್ನು 1990ರ ದಶಕದ ಹೆಚ್ಚಿನ ಪಿಸಿಗಳಿಗೆ ಜೋಡಿಸಬಹುದಾದ್ದರಿಂದ ಸಿಆರ್‌ಟಿ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಬಿಡಿಭಾಗಗಳು

ಬೆಂಗಳೂರಿನ ಎಸ್. ಪಿ. ರಸ್ತೆ ಎಂದು ಪ್ರಸಿದ್ಧವಾದ ಸಾದರ ಪತ್ರಪ್ಪ ರಸ್ತೆಯು ಗಣಕಯಂತ್ರಗಳ ಹೊಸ ಮತ್ತು ಹಳೆಯ ಬಿಡಿಭಾಗಗಳ ಮಾರುಕಟ್ಟೆಯಾಗಿದೆ. ಅಲ್ಲಿಂದ 300 ಕಿ.ಮೀ.ಗೂ ಹೆಚ್ಚು ದೂರವಿರುವ ಮಾಸೂರಿನಂತಹ ಊರುಗಳಲ್ಲಿ ಅಗತ್ಯ ಬಿದ್ದಾಗ ಬಿಡಿಭಾಗ ದೊರೆಯುವುದು ಕಷ್ಟ. ಅಂತಹ ಕಡೆ ಅದೇ ಮಾದರಿಯ ಮತ್ತೊಂದು ಕೆಟ್ಟ ಯಂತ್ರವನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಳ್ಳುವುದು ಪ್ರಯೋಜನಕಾರಿ.

ಸಂಗ್ರಹ ಮಾಧ್ಯಮಗಳು

ಫ್ಲಾಪಿ

ಪಿಸಿಗಳಲ್ಲಿ ಸಾಮಾನ್ಯವಾಗಿ ಬಳಕೆಯಾದ ಫ್ಲಾಪಿಗಳು ನಾಲ್ಕು ಬಗೆಯವು: ಐದೂಕಾಲು ಅಂಗುಲದ 360 ಕೆಬಿ ಹಾಗೂ 1.2 ಎಂಬಿ, ಮೂರೂವರೆ ಅಂಗುಲದ 720 ಕೆಬಿ ಹಾಗೂ 1.44 ಎಂಬಿ. 1.2 ಎಂಬಿ ಡ್ರೈವ್ 360 ಕೆಬಿ ಫ್ಲಾಪಿಯನ್ನು ಓದಬಲ್ಲದು. ಆದರೆ ಅದರ ತಲೆಯು ಕಿರಿದಾಗಿರುವುದರಿಂದ ಅದರಲ್ಲಿ ಬರೆದ 360 ಕೆಬಿ ಫ್ಲಾಪಿಯನ್ನು ಮೂಲ 360 ಕೆಬಿ ಡ್ರೈವ್ ಸರಿಯಾಗಿ ಓದದೇ ಹೋಗಬಹುದು. ಸೋನಿ ಸಂಸ್ಥೆಯು 2011ರಲ್ಲಿ ಫ್ಲಾಪಿ ಮಾರಾಟವನ್ನು ನಿಲ್ಲಿಸಿತು. ಇಂದು ದೊರೆಯುವ ಫ್ಲಾಪಿಗಳು ಹಳೆಯ ದಾಸ್ತಾನಿನವು.

ಬೂಷ್ಟು ಹಿಡಿದ ಫ್ಲಾಪಿಯನ್ನು ಡ್ರೈವ್‌ಗೆ ಹಾಕಿದರೆ ಕಾಂತೀಯ ಲೇಪನವು ಕೆರೆದುಹೋಗುವುದಲ್ಲದೆ, ಡ್ರೈವ್‌ನ ತಲೆಗೆ ಅಂಟಿದ ಕೊಳೆಯು ಮುಂದಿನ ಫ್ಲಾಪಿಯನ್ನೂ ಹಾಳುಮಾಡುತ್ತದೆ. ಆದ್ದರಿಂದ ಮುಖ್ಯವಲ್ಲದ ಫ್ಲಾಪಿಯೊಂದರಿಂದ ಡ್ರೈವನ್ನು ಮೊದಲು ಪರೀಕ್ಷಿಸಿ, ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಶುಚಿಗೊಳಿಸಿದ ಬಳಿಕ ಅಮೂಲ್ಯ ಫ್ಲಾಪಿಗಳನ್ನು ಓದುವುದು ರೂಢಿ. ಬರವಣಿಗೆ ತಡೆಯನ್ನು ಮುಂಚಿತವಾಗಿ ಹಾಕಬೇಕು. ಐದೂಕಾಲು ಅಂಗುಲದ ಫ್ಲಾಪಿಯಲ್ಲಿ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಿದರೆ ತಡೆ ಬೀಳುತ್ತದೆ. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಇದಕ್ಕೆ ವಿರುದ್ಧವಾಗಿ ಮೂಲೆಯ ಕಿಂಡಿ ತೆರೆದಿರಬೇಕು.

ಸಾಮಾನ್ಯ ಡ್ರೈವ್ ಓದಲಾಗದ ಫ್ಲಾಪಿಗಳಿಗೆ ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್ ಮೊದಲಾದ ಸಾಧನಗಳಿವೆ. ಇವು ಹಳೆಯ ಡ್ರೈವನ್ನು ಯುಎಸ್‌ಬಿ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ, ಫ್ಲಾಪಿಯ ಮೇಲಿನ ಕಾಂತೀಯ ಬದಲಾವಣೆಗಳನ್ನು ಇದ್ದಂತೆಯೇ ದಾಖಲಿಸುತ್ತವೆ. ಅನಂತರ ತಂತ್ರಾಂಶವು ಅದರಿಂದ ದತ್ತಾಂಶವನ್ನು ಬಿಡಿಸಿಕೊಳ್ಳುತ್ತದೆ.

ಹಾರ್ಡ್ ಡಿಸ್ಕ್

ಹಳೆಯ ಐಡಿಇ ಹಾರ್ಡ್ ಡಿಸ್ಕ್‌ಗಳು ಯಾವ ಸಮಯದಲ್ಲಾದರೂ ಕೆಡಬಹುದು. ಹಾಗಾಗಿ ಯಂತ್ರವು ಚಾಲನೆಗೊಂಡ ಕೂಡಲೇ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ತೆಗೆದಿಟ್ಟುಕೊಳ್ಳಲಾಗುತ್ತದೆ. ದಿನನಿತ್ಯದ ಬಳಕೆಗೆ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡನ್ನು ಸರಳ ಅಡಾಪ್ಟರ್ ಮೂಲಕ ಜೋಡಿಸುವುದು ಜನಪ್ರಿಯ ವಿಧಾನವಾಗಿದೆ. ಈ ಕಾರ್ಡ್‌ಗಳು ಐಡಿಇ ವಿಧಾನದಲ್ಲಿಯೇ ಸಂವಹಿಸಬಲ್ಲವಾದ್ದರಿಂದ ಯಂತ್ರವು ಅದನ್ನು ಹಾರ್ಡ್ ಡಿಸ್ಕ್ ಎಂದೇ ಗುರುತಿಸುತ್ತದೆ.

ತಿಳಿದಿರಬೇಕಾದ ಮಿತಿಗಳು

ಹಳೆಯ ವ್ಯವಸ್ಥೆಗೆ ಅಗತ್ಯಕ್ಕಿಂತ ಹೊಸದಾದ ಯಂತ್ರವೂ ತೊಡಕಾಗುತ್ತದೆ. ಕೆಲವು ಪ್ರಮುಖ ಮಿತಿಗಳು ಹೀಗಿವೆ.

ಡಾಸ್ ತಂತ್ರಾಂಶಗಳಿಗೆ ನೇರವಾಗಿ ದೊರೆಯುವ ಸ್ಮೃತಿ 640 ಕೆಬಿ ಮಾತ್ರ. ಯಂತ್ರದಲ್ಲಿ ಹೆಚ್ಚಿನ ಸ್ಮೃತಿಯಿದ್ದರೂ ಅದರ ಬಳಕೆಗೆ ವಿಶೇಷ ಚಾಲಕ ತಂತ್ರಾಂಶಗಳು ಬೇಕು.

ಎಂಎಸ್-ಡಾಸ್ 6.22 ಬಳಸುವ ಫ್ಯಾಟ್16 ವ್ಯವಸ್ಥೆಯಲ್ಲಿ ಒಂದು ವಿಭಾಗದ ಗರಿಷ್ಠ ಗಾತ್ರ 2 ಜಿಬಿ. ಅನೇಕ 486 ಯಂತ್ರಗಳ ಬಯಾಸ್ ಸುಮಾರು 528 ಎಂಬಿಗಿಂತ ದೊಡ್ಡ ಡಿಸ್ಕನ್ನು ಪೂರ್ಣವಾಗಿ ಗುರುತಿಸುವುದಿಲ್ಲ.

ವಿಂಡೋಸ್ 98ರಲ್ಲಿ 512 ಎಂಬಿಗಿಂತ ಹೆಚ್ಚು ಸ್ಮೃತಿಯಿದ್ದರೆ ದೋಷಗಳು ಕಾಣಿಸಿಕೊಳ್ಳಬಹುದು. ಅದರ ಕನಿಷ್ಠ ಅಗತ್ಯ 16 ಎಂಬಿ.

ವಿಂಡೋಸ್ 95 ಮತ್ತು 98ರ ಮೂಲ ಆವೃತ್ತಿಗಳು 49.7 ದಿನ ಸತತವಾಗಿ ನಡೆದರೆ ಸ್ಥಗಿತಗೊಳ್ಳುತ್ತಿದ್ದವು. ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್ ಎಣಿಕೆಯು ಅಷ್ಟು ಹೊತ್ತಿಗೆ ತುಂಬಿ ಸೊನ್ನೆಗೆ ಮರಳುವುದೇ ಇದಕ್ಕೆ ಕಾರಣ.

ವಿಂಡೋಸ್ 98ರಲ್ಲಿ ಯುಎಸ್‌ಬಿ ಪೆನ್ ಡ್ರೈವ್ ಬಳಸಲು ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಎನ್‌ಟಿಎಫ್‌ಎಸ್ ವಿಧಾನದಲ್ಲಿ ಸಿದ್ಧಪಡಿಸಿದ ಡ್ರೈವ್‌ಗಳನ್ನು ಅದು ತಾನಾಗಿ ಓದುವುದಿಲ್ಲ.

ಕೆಲವು ಹಳೆಯ ಯಂತ್ರಗಳ ಬಯಾಸ್ ಮತ್ತು ತಂತ್ರಾಂಶಗಳು ವರ್ಷವನ್ನು ಎರಡಂಕಿಯಲ್ಲಿ ಉಳಿಸುವುದರಿಂದ 2000ದ ನಂತರದ ದಿನಾಂಕಗಳನ್ನು ತಪ್ಪಾಗಿ ತೋರಿಸಬಹುದು. ಕಡತದ ದಿನಾಂಕವನ್ನು ದಾಖಲೆಯ ಕಾಲನಿರ್ಣಯಕ್ಕೆ ಬಳಸುವವರು ಇದನ್ನು ಗಮನದಲ್ಲಿಡಬೇಕು.

ಹಳೆಯ ಕನ್ನಡ ಕಡತಗಳ ಪರಿವರ್ತನೆ

ಸಮಸ್ಯೆಯ ಸ್ವರೂಪ

ನುಡಿ, ಬರಹ, ಶ್ರೀಲಿಪಿ ಮೊದಲಾದವುಗಳ ಹಳೆಯ ಕಡತಗಳಲ್ಲಿ ಅಕ್ಷರಗಳ ಬದಲು ಅವುಗಳ ಆಕಾರದ ತುಣುಕುಗಳು ಸಂಗ್ರಹವಾಗಿರುತ್ತವೆ. ಉದಾಹರಣೆಗೆ ನುಡಿಯ ಹಳೆಯ ಸಂಕೇತದಲ್ಲಿ 'ಕ' ಎಂಬುದು ಒಂದು ಅಕ್ಷರವಲ್ಲ. ತಲೆಕಟ್ಟಿಲ್ಲದ ಭಾಗ ಮತ್ತು ತಲೆಕಟ್ಟು ಎಂಬ ಎರಡು ತುಣುಕುಗಳಾಗಿ ಅದು ಉಳಿಯುತ್ತದೆ. ಸರಿಯಾದ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಈ ಕಡತವನ್ನು ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥಹೀನ ಸಾಲುಗಳು ಕಾಣುತ್ತವೆ. ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಸಂಕೇತಗಳನ್ನು ಬಳಸಿದ್ದರಿಂದ ಒಂದರ ಅಕ್ಷರಶೈಲಿ ಮತ್ತೊಂದಕ್ಕೆ ಹೊಂದದಿರುವುದೂ ಉಂಟು. ಇಂತಹ ಪಠ್ಯದಲ್ಲಿ ಹುಡುಕಾಟ ಮತ್ತು ಅಕಾರಾದಿ ಜೋಡಣೆ ಸರಿಯಾಗಿ ನಡೆಯುವುದಿಲ್ಲ.

ಅಕ್ಷರಗಳ ಕ್ರಮದಲ್ಲಿಯೂ ವ್ಯತ್ಯಾಸವಿದೆ. 'ಸೂರ್ಯ' ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಕಾಣುವುದರಿಂದ ಹಳೆಯ ಸಂಕೇತದಲ್ಲಿ ಯಕಾರದ ನಂತರ ಅರ್ಕಾವೊತ್ತಿನ ತುಣುಕು ಬರುತ್ತದೆ. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದರಿಂದ ರಕಾರ, ವಿರಾಮ ಚಿಹ್ನೆ ಮತ್ತು ಯಕಾರ ಈ ಕ್ರಮದಲ್ಲಿ ಉಳಿಯುತ್ತವೆ. ಆದ್ದರಿಂದ ಪರಿವರ್ತಕ ತಂತ್ರಾಂಶವು ಒಂದು ಸಂಕೇತದ ಬದಲು ಇನ್ನೊಂದನ್ನು ಇಟ್ಟರೆ ಸಾಲದು, ಅವುಗಳ ಕ್ರಮವನ್ನೂ ಬದಲಿಸಬೇಕಾಗುತ್ತದೆ. ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳಲ್ಲಿ ಪರಿವರ್ತನೆಯ ದೋಷಗಳು ಉಳಿಯುವ ಸಾಧ್ಯತೆ ಹೆಚ್ಚಿರಲು ಇದೇ ಕಾರಣ.

ಕ್ರಮ

ಹಳೆಯ ಕಡತಗಳನ್ನು ಉಳಿಸುವ ಕೆಲಸವು ಸಾಮಾನ್ಯವಾಗಿ ಈ ಹಂತಗಳಲ್ಲಿ ನಡೆಯುತ್ತದೆ.

1. ಫ್ಲಾಪಿ ಅಥವಾ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ತೆಗೆದು, ಅದರ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವುದು. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆಯೇ ನಡೆಯಬೇಕು.
2. ಫ್ಲಾಪಿಯ ಮೇಲಿನ ಕೈಬರಹದ ಚೀಟಿ, ಕಡತದ ಹೆಸರು ಮತ್ತು ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು. ಡಾಸ್ ಕಡತದ ಹೆಸರಿಗೆ 8 ಅಕ್ಷರಗಳ ಮಿತಿಯಿದ್ದುದರಿಂದ ಹೆಸರಿನಿಂದಷ್ಟೇ ವಿಷಯ ತಿಳಿಯದಿರಬಹುದು.
3. ಕಡತವು ಯಾವ ತಂತ್ರಾಂಶ ಮತ್ತು ಅಕ್ಷರಶೈಲಿಯಲ್ಲಿ ಸಿದ್ಧವಾಗಿದೆ ಎಂಬುದನ್ನು ಗುರುತಿಸುವುದು. ಹಳೆಯ ಯಂತ್ರದ ಡಿಸ್ಕಿನಲ್ಲಿರುವ ಅಕ್ಷರಶೈಲಿಗಳ ಪಟ್ಟಿ ಇದಕ್ಕೆ ನೆರವಾಗುತ್ತದೆ. ಈ ಕಾರಣದಿಂದ ಹಳೆಯ ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಸ್ಥಾಪಿಸುವುದು ಸರಿಯಲ್ಲ.
4. ಮೂಲ ತಂತ್ರಾಂಶದಲ್ಲಿ ಕಡತವನ್ನು ತೆರೆದು, ಒಂದು ಮುದ್ರಿತ ಪ್ರತಿಯನ್ನು ಮತ್ತು ಸರಳ ಪಠ್ಯದ ಕಡತವೊಂದನ್ನು ಪಡೆಯುವುದು.
5. ಸರಳ ಪಠ್ಯವನ್ನು ಹೊಸ ಯಂತ್ರಕ್ಕೆ ತಂದು, ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸುವುದು.
6. ಫಲಿತಾಂಶವನ್ನು ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದುವುದು.

ನಾಲ್ಕನೆಯ ಹಂತದಲ್ಲಿ ಮೂಲ ಯಂತ್ರದ ಪಾತ್ರ ಮುಖ್ಯವಾದುದು. ಸರಳ ಪಠ್ಯದ ಕಡತವಾಗಿದ್ದರೆ ಹಳೆಯ ಯಂತ್ರವಿಲ್ಲದೆಯೂ ಅದನ್ನು ಪರಿವರ್ತಿಸಬಹುದು. ಪೇಜ್‌ಮೇಕರ್ ಕಡತಗಳ ಸ್ಥಿತಿ ಹಾಗಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0, 2001ರಲ್ಲಿ ಹೊರಬಂದಿತು. ಅಡೋಬಿ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6.0ರಿಂದ 7.0ರವರೆಗಿನ ಕಡತಗಳನ್ನು ತೆರೆಯುತ್ತಿದ್ದವು. ಅನಂತರದ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ. ಇಂತಹ ಕಡತಗಳಿಗೆ ವಿಂಡೋಸ್ 98 ಅಥವಾ ಎಕ್ಸ್‌ಪಿ ಯಂತ್ರವೊಂದು ಸುಸ್ಥಿತಿಯಲ್ಲಿದ್ದರೆ ಪುಟದ ವಿನ್ಯಾಸ ಸಹಿತ ಮೂಲ ರೂಪವನ್ನು ಕಾಣಬಹುದು. ಒಂದೇ ಮುದ್ರಣ ಕಂಡು ಪ್ರತಿಗಳು ಮುಗಿದಿರುವ ಪುಸ್ತಕ ಅಥವಾ ಸ್ಮರಣ ಸಂಚಿಕೆಯ ಪಠ್ಯವು ಇಂತಹ ಒಂದು ಕಡತದಲ್ಲಿ ಮಾತ್ರ ಉಳಿದಿರುವ ಸಂಭವವೂ ಇರುತ್ತದೆ.

ಭದ್ರತೆ

ಬೆಂಬಲ ಕೊನೆಗೊಂಡ ವ್ಯವಸ್ಥೆಗಳಿಗೆ ಭದ್ರತಾ ಪರಿಷ್ಕರಣೆಗಳು ಬರುವುದಿಲ್ಲ. ಆದ್ದರಿಂದ ವಿಂಡೋಸ್ ಎಕ್ಸ್‌ಪಿ ಮತ್ತು ಅದಕ್ಕಿಂತ ಹಳೆಯ ಯಂತ್ರಗಳನ್ನು ಅಂತರ್ಜಾಲಕ್ಕೆ ಜೋಡಿಸದಿರುವುದು ಸುರಕ್ಷಿತ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ದಾಳಿ ನಡೆದಾಗ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ವಿಶೇಷ ಪರಿಷ್ಕರಣೆಯನ್ನು ನೀಡಬೇಕಾಯಿತು. ಇಂದಿನ ಜಾಲತಾಣಗಳು ಬಳಸುವ ಗೂಢಲಿಪಿ ವಿಧಾನಗಳನ್ನು ಹಳೆಯ ಬ್ರೌಸರ್‌ಗಳು ಅರಿಯದಿರುವುದರಿಂದ ಅವುಗಳಲ್ಲಿ ಹೆಚ್ಚಿನ ತಾಣಗಳು ತೆರೆಯುವುದೂ ಇಲ್ಲ.

ಹಳೆಯ ಫ್ಲಾಪಿಗಳಲ್ಲಿ ಆ ಕಾಲದ ವೈರಸ್‌ಗಳು ಉಳಿದಿರಬಹುದು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೈನ್' ಹಾಗೂ ಅನಂತರದ 'ಸ್ಟೋನ್ಡ್', 'ಮೈಕೆಲೆಂಜೆಲೊ' ಮುಂತಾದವು ಫ್ಲಾಪಿಯ ಬೂಟ್ ವಿಭಾಗದಲ್ಲಿ ಅಡಗಿರುತ್ತಿದ್ದವು. ಫ್ಲಾಪಿಯನ್ನು ಡ್ರೈವ್‌ನಲ್ಲಿಯೇ ಬಿಟ್ಟು ಯಂತ್ರವನ್ನು ಚಾಲೂ ಮಾಡಿದರೆ ಇವು ಹರಡುತ್ತವೆ. ಡ್ರೈವ್ ಖಾಲಿಯಿರುವಾಗ ಯಂತ್ರವನ್ನು ಆರಂಭಿಸುವುದು ಸರಳ ಮುನ್ನೆಚ್ಚರಿಕೆಯಾಗಿದೆ.

ಅನುಕರಣೆಯೊಡನೆ ಹೋಲಿಕೆ

ಡಾಸ್‌ಬಾಕ್ಸ್, ಪಿಸಿಇಎಂ, 86ಬಾಕ್ಸ್ ಮತ್ತು ಕ್ಯೂಇಎಂಯು ಪ್ರಮುಖ ಅನುಕರಣ ತಂತ್ರಾಂಶಗಳಾಗಿವೆ. ಇವಕ್ಕೆ ಬಿಡಿಭಾಗಗಳ ಕೊರತೆಯಿಲ್ಲ, ವಿದ್ಯುತ್ ವೆಚ್ಚ ಕಡಿಮೆ. ಕೆಲವುಗಳಲ್ಲಿ ಯಂತ್ರದ ಸ್ಥಿತಿಯನ್ನು ಕಡತವಾಗಿ ಉಳಿಸಿ ಮರಳಿ ಪಡೆಯಬಹುದು. ವಿದ್ಯಾರ್ಥಿಗಳು ಹಳೆಯ ವ್ಯವಸ್ಥೆಯ ಪರಿಚಯ ಮಾಡಿಕೊಳ್ಳಲು ಅನುಕರಣೆಯೇ ಸುಲಭದ ದಾರಿ. ಆದರೆ ಭೌತಿಕ ಕಾರ್ಡ್, ಡಾಂಗಲ್, ಹಳೆಯ ಫ್ಲಾಪಿ ಹಾಗೂ ಉಪಕರಣಗಳ ವಿಷಯದಲ್ಲಿ ಅದರ ನೆರವು ಸೀಮಿತ. ಆದ್ದರಿಂದ ಮೂಲ ಯಂತ್ರದಿಂದ ಡಿಸ್ಕಿನ ಪ್ರತಿಬಿಂಬವನ್ನು ಪಡೆದು, ನಿತ್ಯದ ಬಳಕೆಯನ್ನು ಅನುಕರಣೆಯಲ್ಲಿ ಮುಂದುವರಿಸುವ ಸಂಯುಕ್ತ ಕ್ರಮವೂ ಬಳಕೆಯಲ್ಲಿದೆ. ಇದರಿಂದ ಹಳೆಯ ಯಂತ್ರದ ಸವೆತವೂ ಕಡಿಮೆಯಾಗುತ್ತದೆ.

ಕಾನೂನು

ಭಾರತದ ಕೃತಿಸ್ವಾಮ್ಯ ಅಧಿನಿಯಮ, 1957ರ ಅಡಿಯಲ್ಲಿ ಗಣಕ ತಂತ್ರಾಂಶಗಳನ್ನು ಸಾಹಿತ್ಯ ಕೃತಿಗಳಂತೆ ಪರಿಗಣಿಸಲಾಗುತ್ತದೆ. ಸಂಸ್ಥೆಯೊಂದು ಮೊದಲ ಒಡೆತನ ಹೊಂದಿರುವ ಪ್ರಕಟಿತ ಕೃತಿಯಾಗಲಿ, ವ್ಯಕ್ತಿಯೊಬ್ಬರ ಕೃತಿಯಾಗಲಿ, ರಕ್ಷಣೆಯ ಅವಧಿಯು ಹಲವು ದಶಕಗಳದ್ದಾಗಿರುತ್ತದೆ. ಹೀಗಾಗಿ ಮಾರಾಟ ನಿಂತಿದೆ ಅಥವಾ ತಯಾರಕ ಸಂಸ್ಥೆ ಮುಚ್ಚಿದೆ ಎಂಬ ಕಾರಣಕ್ಕೆ ತಂತ್ರಾಂಶವು ಸಾರ್ವಜನಿಕ ಸ್ವತ್ತಾಗುವುದಿಲ್ಲ. ಕಾನೂನುಬದ್ಧವಾಗಿ ತಂತ್ರಾಂಶವನ್ನು ಹೊಂದಿರುವವರು ನಷ್ಟದಿಂದ ರಕ್ಷಣೆ ಪಡೆಯಲು ತಾತ್ಕಾಲಿಕ ಪ್ರತಿಯನ್ನು ಮಾಡಿಕೊಳ್ಳಲು ಇದೇ ಅಧಿನಿಯಮದ 52ನೇ ವಿಧಿಯು ಅವಕಾಶ ನೀಡುತ್ತದೆ. ಹಳೆಯ ಯಂತ್ರದೊಡನೆ ಬಂದ ಮೂಲ ಡಿಸ್ಕ್ ಮತ್ತು ಪರವಾನಗಿ ಪತ್ರಗಳನ್ನು ಜೋಪಾನ ಮಾಡುವುದು ಈ ದೃಷ್ಟಿಯಿಂದಲೂ ಅಗತ್ಯ.

ಕೆಲವು ಹಳೆಯ ವ್ಯವಸ್ಥೆಗಳನ್ನು ಒಡೆತನದ ಸಂಸ್ಥೆಗಳೇ ಬಿಡುಗಡೆ ಮಾಡಿವೆ. ಮೈಕ್ರೋಸಾಫ್ಟ್ ಸಂಸ್ಥೆಯು ಎಂಎಸ್-ಡಾಸ್‌ನ 1.25 ಮತ್ತು 2.0 ಆವೃತ್ತಿಗಳ ಮೂಲ ಸಂಕೇತವನ್ನು 2018ರಲ್ಲಿ, 4.0 ಆವೃತ್ತಿಯದನ್ನು 2024ರಲ್ಲಿ ಮುಕ್ತ ಪರವಾನಗಿಯಡಿ ಪ್ರಕಟಿಸಿತು.

ಇ-ತ್ಯಾಜ್ಯ ಮತ್ತು ಸಂರಕ್ಷಣೆ

ಹಳೆಯ ಗಣಕಯಂತ್ರಗಳ ಬೆಸುಗೆಯಲ್ಲಿ ಮತ್ತು ಸಿಆರ್‌ಟಿ ಗಾಜಿನಲ್ಲಿ ಸೀಸ, ಹಳೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ಇವನ್ನು ಬಯಲಿನಲ್ಲಿ ಸುಡುವುದು ಅಥವಾ ತಿಪ್ಪೆಗೆ ಎಸೆಯುವುದು ನೆಲ ಮತ್ತು ನೀರಿಗೆ ಹಾನಿಕರ. ಭಾರತದಲ್ಲಿ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಪರಿಷ್ಕೃತವಾದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಬಳಕೆಗೆ ಬಾರದ ಯಂತ್ರಗಳನ್ನು ನೋಂದಾಯಿತ ಮರುಬಳಕೆ ಘಟಕಗಳಿಗೆ ನೀಡಬೇಕು. ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಘಟಕವು ದೇಶದ ಆರಂಭಿಕ ಇ-ತ್ಯಾಜ್ಯ ಸಂಸ್ಕರಣಾ ಘಟಕಗಳಲ್ಲಿ ಒಂದಾಗಿದೆ.

ಯಂತ್ರವೊಂದನ್ನು ವಿಲೇವಾರಿ ಮಾಡುವ ಮೊದಲು ಅದರ ಹಾರ್ಡ್ ಡಿಸ್ಕಿನಲ್ಲಿರುವ ಕಡತ ಮತ್ತು ಅಕ್ಷರಶೈಲಿಗಳನ್ನು ಪ್ರತಿ ಮಾಡಿಕೊಳ್ಳುವುದು, ಅನಂತರ ವೈಯಕ್ತಿಕ ಮಾಹಿತಿಯನ್ನು ಅಳಿಸುವುದು ಸೂಕ್ತ ಕ್ರಮವಾಗಿದೆ. ಅಮೆರಿಕದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮತ್ತು ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಗಣಕ ಸಂಗ್ರಹಾಲಯಗಳು ಹಳೆಯ ಯಂತ್ರಗಳನ್ನು ನಡೆಯುವ ಸ್ಥಿತಿಯಲ್ಲಿ ಉಳಿಸುವ ಕೆಲಸದಲ್ಲಿ ತೊಡಗಿವೆ. ಬ್ಲೆಚ್ಲಿ ಪಾರ್ಕ್‌ನಲ್ಲಿ 1951ರ 'ವಿಚ್' ಗಣಕಯಂತ್ರವನ್ನು ದುರಸ್ತಿಗೊಳಿಸಿ 2012ರಲ್ಲಿ ಮತ್ತೆ ಚಾಲನೆಗೊಳಿಸಲಾಯಿತು.

ಇದನ್ನೂ ನೋಡಿ

ಕಾರ್ಯಾಚರಣ ವ್ಯವಸ್ಥೆ
ಎಂಎಸ್-ಡಾಸ್
ನುಡಿ ತಂತ್ರಾಂಶ
ಬರಹ ತಂತ್ರಾಂಶ
ಯುನಿಕೋಡ್
ಕೆ. ಪಿ. ರಾವ್
ಭೂಮಿ ಯೋಜನೆ
ಇ-ತ್ಯಾಜ್ಯ